ಮುದ್ರಿಸಿದ ಡ್ರೋನ್ ಮತ್ತು ವಿನ್ಯಾಸದ ಹೆಜ್ಜೆಗುರುತುಗಳು

ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯದಲ್ಲಿ ಕಪಾಟಿನ ಮೇಲೆ ಧೂಳು ಹಿಡಿದು ಕುಳಿತ ಡ್ರೋನ್‌ಗಳನ್ನು ನೀವು ನೋಡಿರಬಹುದು. ಹಿಂದಿನ ವರ್ಷಗಳ ವಿದ್ಯಾರ್ಥಿಗಳು ಕಷ್ಟಪಟ್ಟು ಮಾಡಿದ ಮಾದರಿಗಳು ಅವು. ಅದರ ರೆಕ್ಕೆ ಇಷ್ಟೇ ಅಗಲ ಏಕೆ? ಬಾಲದ ಬಳಿ ದಪ್ಪ ಹೆಚ್ಚಿಸಿದ್ದು ಏಕೆ? ಮೊದಲು ಮಾಡಿದ ಮೂರು ರೆಕ್ಕೆಗಳು ಎಲ್ಲಿ ಮುರಿದವು? ಇಂಥ ಪ್ರಶ್ನೆಗಳನ್ನು ಕೇಳಿದರೆ ಉತ್ತರ ಹೇಳುವವರು ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ಮಾಡಿದವರು ಪದವಿ ಪಡೆದು ಹೋಗಿರುತ್ತಾರೆ. ಹೊಸ ತಂಡ ಮತ್ತೆ ಮೊದಲಿನಿಂದ ಶುರುಮಾಡಿ, ಹಳೆಯ ತಂಡ ಎಡವಿದಲ್ಲೇ ಎಡವುತ್ತದೆ.

ವಸ್ತು ಉಳಿದು ಅದರ ಹಿಂದಿನ ಕಾರಣಗಳು ಅಳಿದುಹೋಗುವ ಈ ಸಮಸ್ಯೆ ಹೊಸದಲ್ಲ. ಆದರೆ ತ್ರಿವಿಮ ಮುದ್ರಣ ಬಂದ ಮೇಲೆ ಅದು ಹೆಚ್ಚಾಗಿದೆ. ವಸ್ತುವನ್ನು ಕೊರೆದು, ಕತ್ತರಿಸಿ ರೂಪಿಸುವ ಬದಲು ಪದರದ ಮೇಲೆ ಪದರವಿಟ್ಟು ಕಟ್ಟುವ ಈ ವಿಧಾನಕ್ಕೆ ತಂತ್ರಜ್ಞರು ಅಡಿಟಿವ್ ಮ್ಯಾನುಫ್ಯಾಕ್ಚರಿಂಗ್ ಎನ್ನುತ್ತಾರೆ. ನಾವು ಇದನ್ನು ಪದರ ತಯಾರಿಕೆ ಎಂದು ಕರೆಯೋಣ. ಪದರ ತಯಾರಿಕೆಯಿಂದ ಮಾಡಿದ ಡ್ರೋನ್‌ನ ವಿನ್ಯಾಸ ಹೇಗೆ ಬೆಳೆಯಿತು ಎಂಬುದರ ಜಾಡನ್ನು ಹಿಡಿದಿಡುವುದು ಏಕೆ ಮುಖ್ಯ? ಉತ್ತರಕ್ಕಾಗಿ ವಿಮಾನ ವಿನ್ಯಾಸದ ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡೋಣ.

ಒಂದು ತಪ್ಪು ಸಂಖ್ಯೆಯ ಬೆನ್ನುಹತ್ತಿ

ರೈಟ್ ಸಹೋದರರು 1903ರ ಡಿಸೆಂಬರ್ 17ರಂದು ಹಾರಿದ್ದು ನಿಮಗೆಲ್ಲ ಗೊತ್ತು. ಅದಕ್ಕೆ ಎರಡು ವರ್ಷ ಮೊದಲು, 1901ರಲ್ಲಿ, ಅವರು ಕಟ್ಟಿದ ಗ್ಲೈಡರ್ ಲೆಕ್ಕಕ್ಕಿಂತ ತೀರಾ ಕಡಿಮೆ ಭಾರವನ್ನು ಎತ್ತಿತು. ಕೆಲಸ ತಪ್ಪಿತೋ, ಲೆಕ್ಕ ತಪ್ಪಿತೋ? ಅವರ ಬಳಿ ಅಳತೆಗಳ ದಾಖಲೆ ಇದ್ದುದರಿಂದ ಹಿಂದಕ್ಕೆ ಹೆಜ್ಜೆಹಾಕಲು ಸಾಧ್ಯವಾಯಿತು. ಆಗಿನ ಎಲ್ಲ ಲೆಕ್ಕಗಳೂ ಗಾಳಿಯ ಒತ್ತಡಕ್ಕೆ ಸಂಬಂಧಿಸಿದ ಸ್ಮೀಟನ್ ಗುಣಾಂಕವನ್ನು ಬಳಸುತ್ತಿದ್ದವು. ಹದಿನೆಂಟನೇ ಶತಮಾನದಿಂದ ಬಂದ ಆ ಗುಣಾಂಕದ ಬೆಲೆ 0.005. ರೈಟ್ ಸಹೋದರರು ಕಂಡುಕೊಂಡ ಬೆಲೆ ಸುಮಾರು 0.0033.

ಆ ಚಳಿಗಾಲದ ಮುಂಚೆ ಅವರು ಸೈಕಲ್ ಅಂಗಡಿಯಲ್ಲೇ ಮರದ ಪೆಟ್ಟಿಗೆಯಿಂದ ವಾಯುಸುರಂಗವೊಂದನ್ನು ಮಾಡಿದರು. ಗರಗಸದ ಅಲಗು, ಸೈಕಲ್ ಕಡ್ಡಿಯ ತಂತಿಗಳಿಂದ ತಕ್ಕಡಿ ಕಟ್ಟಿದರು. ಸುಮಾರು 200 ಪುಟ್ಟ ರೆಕ್ಕೆಗಳನ್ನು ಪರೀಕ್ಷಿಸಿ, ಆಯ್ದವುಗಳ ಅಳತೆಗಳನ್ನು ಕೋಷ್ಟಕಗಳಲ್ಲಿ ಬರೆದಿಟ್ಟರು. 1902ರ ಗ್ಲೈಡರ್ ಹುಟ್ಟಿದ್ದು ಆ ಕೋಷ್ಟಕಗಳಿಂದ. ವಿನ್ಯಾಸದಲ್ಲಿ ಬಳಸಿದ ಪ್ರತಿ ಸಂಖ್ಯೆ ಎಲ್ಲಿಂದ ಬಂತು ಎಂದು ಬರೆದಿಟ್ಟವನಿಗೆ ಮಾತ್ರ ತಪ್ಪಿದ ಸಂಖ್ಯೆಯನ್ನು ಹುಡುಕಿ ತೆಗೆಯಲು ಸಾಧ್ಯ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ನೀಲನಕ್ಷೆಯ ಶಿಸ್ತು

ನಾವು ಮಾತಿನಲ್ಲಿ ಬಳಸುವ ನೀಲನಕ್ಷೆ ಎಂಬ ಪದದ ಹಿಂದೆ ಒಂದು ರಾಸಾಯನಿಕ ಕ್ರಿಯೆ ಇದೆ. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ಸಯನೋಟೈಪ್ ವಿಧಾನದಲ್ಲಿ ಕಬ್ಬಿಣದ ಲವಣ ಸವರಿದ ಕಾಗದ ಬೆಳಕಿಗೆ ನೀಲಿಯಾಗುತ್ತದೆ. ಪಾರದರ್ಶಕ ಹಾಳೆಯ ಮೇಲೆ ಬರೆದ ಮೂಲಚಿತ್ರದ ಪ್ರತಿಗಳನ್ನು ಇದರಿಂದ ಸುಲಭವಾಗಿ ತೆಗೆಯಬಹುದಾಯಿತು. ಪ್ರತಿಗಳು ಹೆಚ್ಚಾದಂತೆ ಇನ್ನೊಂದು ತೊಡಕು ಹುಟ್ಟಿತು. ಯಾರ ಕೈಯಲ್ಲಿರುವುದು ಇತ್ತೀಚಿನ ಪ್ರತಿ? ಅದಕ್ಕಾಗಿಯೇ ನಕ್ಷೆಯ ಮೂಲೆಯಲ್ಲಿ ಒಂದು ಚೌಕ ಬಂತು. ಅದರಲ್ಲಿ ನಕ್ಷೆಯ ಸಂಖ್ಯೆ, ಬದಲಾವಣೆಯ ಅಕ್ಷರ, ದಿನಾಂಕ, ಒಪ್ಪಿದವರ ಸಹಿ ಇರುತ್ತವೆ.

1940ರಲ್ಲಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಆರಂಭವಾಯಿತು. 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ ತೆರೆಯಿತು. ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ವಿನ್ಯಾಸಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು. ಅಂಥ ಕಾರ್ಖಾನೆಗಳಲ್ಲಿ ಒಂದು ಬೋಲ್ಟಿನ ಜಾಗ ಬದಲಿಸಬೇಕಾದರೂ ನಕ್ಷೆ ತಿದ್ದಬೇಕು, ಸಹಿ ಬೀಳಬೇಕು, ಅಚ್ಚು ಬದಲಾಗಬೇಕು. ಬದಲಾವಣೆ ದುಬಾರಿಯಾಗಿದ್ದ ಕಾರಣ ಯಾರೂ ಕಾರಣವಿಲ್ಲದೆ ಬದಲಿಸುತ್ತಿರಲಿಲ್ಲ. ಬದಲಿಸಿದರೆ ಅದರ ಗುರುತು ಕಾಗದದ ಮೇಲೆ ತಾನಾಗಿ ಉಳಿಯುತ್ತಿತ್ತು.

ಒಂದು ಆಕಾರದ ದೂರ ಪ್ರಯಾಣ

ವಿನ್ಯಾಸವೊಂದು ದೇಶಗಳನ್ನೂ ದಶಕಗಳನ್ನೂ ದಾಟಿ ಬರುವುದಕ್ಕೆ ಕರ್ನಾಟಕದಲ್ಲೇ ಒಳ್ಳೆಯ ಉದಾಹರಣೆ ಇದೆ. 1979ರಲ್ಲಿ ಅಮೆರಿಕದ ಬರ್ಟ್ ರುಟಾನ್ ಲಾಂಗ್-ಈಝಡ್ ಎಂಬ ಪುಟ್ಟ ವಿಮಾನವನ್ನು ಹಾರಿಸಿದರು. ಮುಂಭಾಗದಲ್ಲಿ ಚಿಕ್ಕ ರೆಕ್ಕೆ, ಹಿಂಭಾಗದಲ್ಲಿ ದೊಡ್ಡ ರೆಕ್ಕೆ, ಅದರ ಹಿಂದೆ ತಳ್ಳುವ ಪಂಖ. ಮೈಯೆಲ್ಲ ನೊರೆಪ್ಲಾಸ್ಟಿಕ್ ಮತ್ತು ಗಾಜಿನ ನಾರು. ರುಟಾನ್ ಮಾರಿದ್ದು ವಿಮಾನವನ್ನಲ್ಲ, ಅದರ ನಕ್ಷೆಗಳನ್ನು. ಕೊಂಡವರು ತಮ್ಮ ಮನೆಯ ಶೆಡ್ಡಿನಲ್ಲಿ ತಾವೇ ಕಟ್ಟಿಕೊಳ್ಳುತ್ತಿದ್ದರು.

ಹೀಗೆ ನೂರಾರು ಕಡೆ ಕಟ್ಟುವಾಗ ನಕ್ಷೆಯಲ್ಲಿ ದೋಷ ಕಂಡುಬಂದರೆ ಏನು ಮಾಡುವುದು? ರುಟಾನ್ ಅವರ ಸಂಸ್ಥೆ ಕೆನಾರ್ಡ್ ಪುಷರ್ ಎಂಬ ಸುದ್ದಿಪತ್ರವನ್ನು ಹೊರಡಿಸುತ್ತಿತ್ತು. ಅದರಲ್ಲಿ ಪ್ರತಿ ಬದಲಾವಣೆಗೂ ಒಂದು ಸಂಖ್ಯೆ ಮತ್ತು ಒಂದು ದರ್ಜೆ ಇರುತ್ತಿತ್ತು. ಇದನ್ನು ಮಾಡುವವರೆಗೆ ಹಾರಲೇಬಾರದು ಎಂಬುದು ಒಂದು ದರ್ಜೆ. ಕಡ್ಡಾಯ, ಆದಷ್ಟು ಬೇಗ ಮಾಡಿ ಎಂಬುದು ಇನ್ನೊಂದು. ಮಾಡಿದರೆ ಒಳ್ಳೆಯದು, ನಿಮ್ಮ ಇಷ್ಟ, ಬರೀ ಅಚ್ಚಿನ ತಪ್ಪು ಎಂಬ ದರ್ಜೆಗಳೂ ಇದ್ದವು. ಇಂದು ಡ್ರೋನ್‌ನ ಕಡತವನ್ನು ಹಂಚಿಕೊಂಡು ಊರೂರಲ್ಲಿ ಮುದ್ರಿಸುವವರಿಗೆ ಇದಕ್ಕಿಂತ ಒಳ್ಳೆಯ ಮೇಲ್ಪಂಕ್ತಿ ಬೇಕಿಲ್ಲ.

1980ರ ದಶಕದಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ, ಅಂದರೆ ಎನ್‌ಎಎಲ್‌ನಲ್ಲಿ, ಪ್ರೊ. ರುಸ್ತುಂ ದಮಾನಿಯಾ ಅವರ ತಂಡ ಲಾಂಗ್-ಈಝಡ್ ಆಧಾರದ ಮೇಲೆ ಒಂದು ಹಗುರ ಸಂಶೋಧನಾ ವಿಮಾನವನ್ನು ನಿರ್ಮಿಸಿತು. ಮುಂದೆ ಬೆಂಗಳೂರಿನದೇ ವೈಮಾನಿಕ ಅಭಿವೃದ್ಧಿ ಸಂಸ್ಥೆ, ಎಡಿಇ, ಆ ಆಕಾರದಿಂದ ಪೈಲಟ್ ಇಲ್ಲದ ವಿಮಾನವೊಂದನ್ನು ರೂಪಿಸಿ ದಮಾನಿಯಾ ಅವರ ನೆನಪಿಗೆ ರುಸ್ತುಂ-1 ಎಂದು ಹೆಸರಿಟ್ಟಿತು.

2009ರ ನವೆಂಬರ್ 16ರಂದು ಹೊಸೂರಿನ ಬಳಿ ನಡೆದ ಅದರ ಮೊದಲ ಹಾರಾಟ ಇಳಿಯುವಾಗ ಹಾನಿಯಲ್ಲಿ ಮುಗಿಯಿತು. ಆದರೆ ಸೋಲು ಎಲ್ಲಿಯದು ಎಂಬುದು ಸ್ಪಷ್ಟವಾಗಿತ್ತು. ಎತ್ತರದ ಅಂದಾಜು ತಪ್ಪಿ, ನೆಲದಿಂದ ಹೋದ ಆದೇಶದ ಮೇಲೆ ಎಂಜಿನ್ ಆರಿಸಲಾಗಿತ್ತು. ರೆಕ್ಕೆಯ ವಾಯುಚಲನೆ, ನಿಯಂತ್ರಣ, ಎಂಜಿನ್, ಸಂಪರ್ಕ ಎಲ್ಲವೂ ಸರಿಯಾಗಿ ಕೆಲಸ ಮಾಡಿದ್ದವು. ಹೀಗಾಗಿ ರೆಕ್ಕೆಯನ್ನು ಹೊಸದಾಗಿ ವಿನ್ಯಾಸಮಾಡುವ ಅಗತ್ಯ ಬೀಳಲಿಲ್ಲ. 2010ರ ಅಕ್ಟೋಬರ್‌ನಲ್ಲಿ ರುಸ್ತುಂ-1 ಯಶಸ್ವಿಯಾಗಿ ಹಾರಿ ಇಳಿಯಿತು. ದಾಖಲೆ ಇಲ್ಲದಿದ್ದರೆ ವಿಮಾನದ ಯಾವ ಭಾಗವನ್ನಾದರೂ ಅನುಮಾನಿಸಬಹುದಿತ್ತು.

ತ್ರಿಕೋನಗಳಲ್ಲಿ ಕಳೆದುಹೋದದ್ದು

ಈಗ ಪದರ ತಯಾರಿಕೆಯ ಕಡೆಗೆ ಬರೋಣ. 1980–81ರಲ್ಲಿ ಜಪಾನಿನ ನಗೋಯಾದಲ್ಲಿ ಹಿಡಿಯೊ ಕೊಡಾಮಾ ಅವರು ಬೆಳಕಿಗೆ ಗಟ್ಟಿಯಾಗುವ ರಾಳದಿಂದ ಪದರ ಪದರವಾಗಿ ವಸ್ತುವನ್ನು ಕಟ್ಟುವ ವಿಧಾನವನ್ನು ವಿವರಿಸಿದರು. ಅಮೆರಿಕದ ಚಾರ್ಲ್ಸ್ ಹಲ್ 1984ರಲ್ಲಿ ಇಂಥದೇ ವಿಧಾನಕ್ಕೆ ಪೇಟೆಂಟ್ ಕೋರಿ 1986ರಲ್ಲಿ ಪಡೆದರು. ಟೆಕ್ಸಾಸ್ ವಿಶ್ವವಿದ್ಯಾಲಯದ ಕಾರ್ಲ್ ಡೆಕಾರ್ಡ್ ಪುಡಿಯನ್ನು ಲೇಸರ್‌ನಿಂದ ಬೆಸೆಯುವ ದಾರಿ ತೋರಿದರು. ಸ್ಕಾಟ್ ಕ್ರಂಪ್ ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ ಗೆರೆ ಎಳೆಯುವ ಯಂತ್ರ ಮಾಡಿದರು. ಕ್ರಂಪ್ ಅವರ ಮೂಲ ಪೇಟೆಂಟಿನ ಅವಧಿ 2009ರಲ್ಲಿ ಮುಗಿಯಿತು. ಅಷ್ಟರಲ್ಲಿ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬೋಯರ್ 2005ರಲ್ಲಿ ಆರಂಭಿಸಿದ್ದ ರೆಪ್‌ರ‍್ಯಾಪ್ ಯೋಜನೆ ಯಂತ್ರದ ವಿನ್ಯಾಸವನ್ನೇ ಎಲ್ಲರಿಗೂ ತೆರೆದಿಟ್ಟಿತ್ತು. ಮುದ್ರಕಗಳು ಕಾಲೇಜುಗಳಿಗೆ ಬಂದದ್ದು ಈ ದಾರಿಯಿಂದ.

ಹಲ್ ಅವರ ಕಂಪನಿಯ ಯಂತ್ರಗಳ ಜೊತೆಗೆ ಎಸ್‌ಟಿಎಲ್ ಎಂಬ ಕಡತದ ರೂಪವೂ ಬಂತು. ಅದರಲ್ಲಿ ವಸ್ತುವಿನ ಹೊರಮೈಯನ್ನು ಸಣ್ಣ ಸಣ್ಣ ತ್ರಿಕೋನಗಳಾಗಿ ಒಡೆದು, ಪ್ರತಿ ಮೂಲೆಯ ಸ್ಥಾನವನ್ನು ಬರೆಯುತ್ತಾರೆ. ಸರಳ, ಆದ್ದರಿಂದ ಜನಪ್ರಿಯ. ಆದರೆ ಅದರಲ್ಲಿ ಏನಿಲ್ಲ ಎಂಬುದನ್ನು ಗಮನಿಸಿ. 100 ಎಂದು ಬರೆದಿದ್ದರೆ ಅದು ಮಿಲಿಮೀಟರೋ ಇಂಚೋ ಎಂದು ಕಡತ ಹೇಳುವುದಿಲ್ಲ. ವಸ್ತು ಯಾವುದು ಎಂದು ಹೇಳುವುದಿಲ್ಲ. ಹಳೆಯ ನಕ್ಷೆಯ ಮೂಲೆಯ ಚೌಕ ಇಲ್ಲಿ ಮಾಯವಾಗಿದೆ. 2011ರಲ್ಲಿ ಎಎಂಎಫ್, 2015ರಲ್ಲಿ 3ಎಂಎಫ್ ಎಂಬ ಹೊಸ ರೂಪಗಳು ಬಂದು ಅಳತೆಯ ಮಾನ, ವಸ್ತು ಮುಂತಾದ ವಿವರಗಳಿಗೆ ಜಾಗ ಮಾಡಿಕೊಟ್ಟವು. ಜಾಗ ಇದ್ದರೂ ತುಂಬುವವರು ನಾವೇ ತಾನೆ?

ಆಕಾಶಕ್ಕೇರಿದ ಮುದ್ರಣ

2011ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಆಂಡಿ ಕೀನ್ ಮತ್ತು ಜಿಮ್ ಸ್ಕ್ಯಾನ್‌ಲನ್ ಅವರ ತಂಡ ಸುಲ್ಸಾ ಎಂಬ ಡ್ರೋನ್ ಹಾರಿಸಿತು. ಸುಮಾರು 2 ಮೀಟರ್ ರೆಕ್ಕೆಹರವಿನ ಅದರ ಇಡೀ ಮೈಯನ್ನು ನೈಲಾನ್ ಪುಡಿಯಿಂದ ಲೇಸರ್ ಮೂಲಕ ಮುದ್ರಿಸಲಾಗಿತ್ತು. ಭಾಗಗಳು ತಿರುಪಿಲ್ಲದೆ ಒಂದಕ್ಕೊಂದು ಕಚ್ಚಿಕೊಳ್ಳುತ್ತಿದ್ದವು. 2015ರಲ್ಲಿ ಬ್ರಿಟಿಷ್ ನೌಕಾಪಡೆಯ ಮರ್ಸಿ ಹಡಗಿನಿಂದ ಅದನ್ನು ಹಾರಿಸಿ ಸುಮಾರು 500 ಮೀಟರ್ ದೂರದ ದಡದಲ್ಲಿ ಇಳಿಸಿದರು.

ಚರಿತ್ರೆಯ ದೃಷ್ಟಿಯಿಂದ ಸುಲ್ಸಾದಲ್ಲಿ ಒಂದು ಕುತೂಹಲದ ಅಂಶವಿದೆ. ಅದರ ಒಳಗಿನ ಜಾಲರಿ ಕಟ್ಟು 1930ರ ದಶಕದಲ್ಲಿ ಬಾರ್ನ್ಸ್ ವಾಲಿಸ್ ಅವರು ವೆಲಿಂಗ್ಟನ್ ವಿಮಾನಕ್ಕೆ ಬಳಸಿದ ಜಿಯೊಡೆಟಿಕ್ ಕಟ್ಟಿನ ಮಾದರಿಯದು. ಹಗುರ, ಗಟ್ಟಿ, ಆದರೆ ಲೋಹದಲ್ಲಿ ಮಾಡಲು ಬಹಳ ಶ್ರಮ. ರೆಕ್ಕೆಯ ದೀರ್ಘವೃತ್ತಾಕಾರವೂ ಹಾಗೆಯೇ: ವಾಯುಚಲನೆಗೆ ಒಳ್ಳೆಯದು, ತಯಾರಿಕೆಗೆ ಕಷ್ಟ. ಮುದ್ರಕಕ್ಕೆ ನೇರ ಗೆರೆಯೂ ಒಂದೇ, ವಕ್ರ ಗೆರೆಯೂ ಒಂದೇ. ಹೀಗಾಗಿ ಮೂಲೆಗೆ ಸರಿದಿದ್ದ ಉಪಾಯಗಳು ಮರಳಿ ಬಂದವು. ಅವು ಏಕೆ ಮೂಲೆಗೆ ಸರಿದಿದ್ದವು ಎಂಬ ಕಾರಣ ದಾಖಲಾಗಿದ್ದರಿಂದಲೇ, ಆ ಕಾರಣ ಈಗ ಇಲ್ಲ ಎಂದು ತಿಳಿಯಲು ಸಾಧ್ಯವಾಯಿತು.

ಪದರ ತಯಾರಿಕೆ ವಿನ್ಯಾಸವನ್ನು ಎಷ್ಟು ಬದಲಿಸಬಲ್ಲದು ಎಂಬುದಕ್ಕೆ ನಮ್ಮಲ್ಲಿನ ಉದಾಹರಣೆ ಡ್ರೋನ್‌ನದಲ್ಲ, ರಾಕೆಟ್ಟಿನದು. ಪಿಎಸ್‌ಎಲ್‌ವಿಯ ನಾಲ್ಕನೇ ಹಂತದ ಎಂಜಿನ್ ಅನ್ನು ಇಸ್ರೋ ಈ ವಿಧಾನಕ್ಕೆ ಹೊಂದುವಂತೆ ಮರುವಿನ್ಯಾಸಗೊಳಿಸಿತು. ಬೆಂಗಳೂರಿನ ವಿಪ್ರೋ 3ಡಿ ಅದನ್ನು ತಯಾರಿಸಿತು. 2024ರ ಮೇ 9ರಂದು ಅದು 665 ಸೆಕೆಂಡ್ ಉರಿಯಿತು. 14 ಭಾಗಗಳಿದ್ದದ್ದು ಒಂದೇ ಭಾಗವಾಯಿತು, 19 ಬೆಸುಗೆಗಳು ಇಲ್ಲವಾದವು. 565 ಕಿ.ಗ್ರಾಂ. ಲೋಹದ ಬದಲು 13.7 ಕಿ.ಗ್ರಾಂ. ಪುಡಿ ಸಾಕಾಯಿತು. ಇದರ ಇನ್ನೊಂದು ಮುಖವನ್ನೂ ನೋಡಿ. ಹಿಂದೆ 14 ಭಾಗಗಳನ್ನು ಬೇರೆಬೇರೆಯಾಗಿ ಅಳೆದು, ಪ್ರತಿ ಬೆಸುಗೆಯನ್ನು ಪರೀಕ್ಷಿಸಿ ಸಹಿ ಹಾಕಬಹುದಿತ್ತು. ಈಗ ಎಲ್ಲವೂ ಒಂದೇ ವಸ್ತುವಿನೊಳಗೆ ಅಡಗಿದೆ. ಪದರಗಳನ್ನು ಕಟ್ಟುವಾಗ ಏನಾಯಿತು ಎಂಬ ದಾಖಲೆಗೆ ಅಷ್ಟರಮಟ್ಟಿಗೆ ಬೆಲೆ ಹೆಚ್ಚಿದೆ.

ಒಂದೇ ಕಡತ, ಎರಡು ವಸ್ತು

ಭೌತವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಒಂದೇ ಕಡತದಿಂದ ಮುದ್ರಿಸಿದ ಎರಡು ತೊಲೆಗಳು ಒಂದೇ ಆಗಿರಬೇಕಿಲ್ಲ. ಮಲಗಿಸಿ ಮುದ್ರಿಸಿದ ತೊಲೆಯಲ್ಲಿ ಪ್ಲಾಸ್ಟಿಕ್ ಎಳೆಗಳು ಉದ್ದಕ್ಕೆ ಓಡುತ್ತವೆ. ನಿಲ್ಲಿಸಿ ಮುದ್ರಿಸಿದರೆ ಬಾಗುವಾಗ ಪದರಗಳ ನಡುವಿನ ಅಂಟಿನ ಮೇಲೆ ಬಲ ಬೀಳುತ್ತದೆ. ಅದು ಬೇಗ ಮುರಿಯುತ್ತದೆ. ಸೌದೆಯನ್ನು ನಾರಿನ ಉದ್ದಕ್ಕೆ ಸೀಳುವುದು ಸುಲಭ, ಅಡ್ಡಕ್ಕೆ ಕಡಿಯುವುದು ಕಷ್ಟ ಎಂಬುದು ನಿಮಗೆ ಗೊತ್ತಲ್ಲ, ಇದೂ ಹಾಗೆಯೇ. ಮಳೆಗಾಲದಲ್ಲಿ ನೈಲಾನ್ ತೇವ ಹೀರುತ್ತದೆ. ಲೇಸರ್ ಯಂತ್ರದಲ್ಲಿ ಬೆಸೆಯದೆ ಉಳಿದ ಪುಡಿಯನ್ನು ಹೊಸ ಪುಡಿಯೊಂದಿಗೆ ಬೆರೆಸಿ ಬಳಸುತ್ತಾರೆ. ಬಿಸಿಯಲ್ಲಿ ಹಳತಾದ ಪುಡಿಯ ಗುಣ ಬೇರೆ. ಆದ್ದರಿಂದ ಆಕಾರದ ಕಡತವಷ್ಟೇ ವಿನ್ಯಾಸವಲ್ಲ. ಯಂತ್ರ, ವಸ್ತುವಿನ ಕಂತು, ಉಷ್ಣತೆ, ಇಟ್ಟ ದಿಕ್ಕು ಇವೆಲ್ಲ ಸೇರಿ ವಿನ್ಯಾಸ.

ಅಸೂಟಿಯ ಹೊಲಕ್ಕೊಂದು ಡ್ರೋನ್

ಈಗ ಒಂದು ಲೆಕ್ಕ ಮಾಡೋಣ. ಗದಗ ಜಿಲ್ಲೆ ರೋಣ ತಾಲ್ಲೂಕಿನ ಅಸೂಟಿಯ ಎರೆಹೊಲಗಳ ಮೇಲೆ ಹಾರಿ ಚಿತ್ರ ತೆಗೆಯುವ ರೆಕ್ಕೆಯ ಡ್ರೋನೊಂದನ್ನು ನೀವು ವಿನ್ಯಾಸಗೊಳಿಸುತ್ತೀರಿ ಎಂದುಕೊಳ್ಳಿ. ತೂಕ 1.8 ಕಿ.ಗ್ರಾಂ., ವೇಗ ಸೆಕೆಂಡಿಗೆ 14 ಮೀಟರ್, ರೆಕ್ಕೆಯ ಎತ್ತುವ ಬಲದ ಗುಣಾಂಕ 0.6. ಎತ್ತುವ ಬಲವೆಂದರೆ ಗಾಳಿಯ ಸಾಂದ್ರತೆ, ವೇಗದ ವರ್ಗ, ರೆಕ್ಕೆಯ ವಿಸ್ತೀರ್ಣ ಮತ್ತು ಈ ಗುಣಾಂಕಗಳ ಗುಣಲಬ್ಧದ ಅರ್ಧ.

ಪಠ್ಯಪುಸ್ತಕದಲ್ಲಿ ಗಾಳಿಯ ಸಾಂದ್ರತೆ ಘನಮೀಟರಿಗೆ 1.225 ಕಿ.ಗ್ರಾಂ. ಎಂದಿರುತ್ತದೆ. ಅದರಂತೆ ರೆಕ್ಕೆಯ ವಿಸ್ತೀರ್ಣ ಸುಮಾರು 0.245 ಚದರ ಮೀಟರ್ ಆಗುತ್ತದೆ. ಆದರೆ ಆ ಸಂಖ್ಯೆ ಸಮುದ್ರಮಟ್ಟದ್ದು, 15 ಡಿಗ್ರಿ ಸೆಲ್ಸಿಯಸ್‌ನದು. ರೋಣದ ಬಯಲು ಸಮುದ್ರಮಟ್ಟದಿಂದ ಐದಾರು ನೂರು ಮೀಟರ್ ಎತ್ತರದಲ್ಲಿದೆ. ಬೇಸಿಗೆಯ ಮಧ್ಯಾಹ್ನ ಉಷ್ಣತೆ 40 ಡಿಗ್ರಿ ಮುಟ್ಟಿದರೆ ಸಾಂದ್ರತೆ ಸುಮಾರು 1.05ಕ್ಕೆ ಇಳಿಯುತ್ತದೆ. ಆಗ ಬೇಕಾಗುವ ರೆಕ್ಕೆ 0.286 ಚದರ ಮೀಟರ್, ಅಂದರೆ ಆರನೇ ಒಂದು ಭಾಗದಷ್ಟು ಹೆಚ್ಚು. ರೈಟ್ ಸಹೋದರರ ಗುಣಾಂಕದ ಕಥೆ ನೆನಪಾಯಿತೇ? 1.225ರ ಪಕ್ಕದಲ್ಲಿ ಎಲ್ಲಿಯ ಗಾಳಿ, ಎಷ್ಟು ಉಷ್ಣತೆ ಎಂದು ಬರೆದಿದ್ದರೆ ತಪ್ಪು ಹೊಲಕ್ಕೆ ಹೋಗುವ ಮೊದಲೇ ಸಿಗುತ್ತದೆ.

ಇನ್ನು ವಸ್ತು. ಕಾಲೇಜುಗಳಲ್ಲಿ ಹೆಚ್ಚಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಸುಮಾರಿಗೆ ಮೆತ್ತಗಾಗುತ್ತದೆ. ಮೇ ತಿಂಗಳ ಬಿಸಿಲಲ್ಲಿ ನಿಂತ ಜೀಪಿನೊಳಗೆ ಇಟ್ಟ ಕಪ್ಪು ರೆಕ್ಕೆ ಹಾರುವ ಮೊದಲೇ ಬಾಗಬಹುದು. ಅದಕ್ಕಾಗಿ ಎಬಿಎಸ್ ಆಯ್ದುಕೊಂಡಿರಿ ಎನ್ನೋಣ. ಕಾರಣ ಬರೆದಿಡದಿದ್ದರೆ ಮುಂದಿನ ತಂಡ, ಮುದ್ರಿಸಲು ಸುಲಭವೆಂದು ಮತ್ತೆ ಪಿಎಲ್‌ಎಗೆ ಮರಳುತ್ತದೆ.

ಕೊನೆಯದು ತೂಕ. ಗೋಡೆ ಸ್ವಲ್ಪ ದಪ್ಪ, ಎರೆಮಣ್ಣಿನಲ್ಲಿ ಇಳಿಯಲು ಗಟ್ಟಿ ಹೊಟ್ಟೆ, ಇನ್ನೊಂದಿಷ್ಟು ಅಂಟು. ಒಂದೊಂದೂ ಚಿಕ್ಕದೇ. ಒಟ್ಟು 2.1 ಕಿ.ಗ್ರಾಂ. ಆಯಿತು. ರೆಕ್ಕೆ ಅದೇ ಇದ್ದರೆ ವೇಗ ಸೆಕೆಂಡಿಗೆ 15 ಮೀಟರ್ ದಾಟಬೇಕು. ಬೇಕಾಗುವ ಸಾಮರ್ಥ್ಯ ತೂಕದ ಒಂದೂವರೆ ಘಾತಕ್ಕೆ ಅನುಗುಣವಾಗಿ ಏರುವುದರಿಂದ 26 ಶೇಕಡ ಹೆಚ್ಚುತ್ತದೆ. ಒಂದು ಗಂಟೆ ಹಾರಬೇಕಿದ್ದದ್ದು ಸುಮಾರು 48 ನಿಮಿಷಕ್ಕೆ ಇಳಿಯುತ್ತದೆ. ಜೊತೆಗೆ, 2021ರ ಡ್ರೋನ್ ನಿಯಮಗಳ ಪ್ರಕಾರ 2 ಕಿ.ಗ್ರಾಂ. ದಾಟಿದ ಡ್ರೋನ್ ಮೈಕ್ರೋ ವರ್ಗದಿಂದ ಸ್ಮಾಲ್ ವರ್ಗಕ್ಕೆ ಸೇರುತ್ತದೆ. ಯಾವ ದಿನದ ಯಾವ ಬದಲಾವಣೆ ಎಷ್ಟು ಗ್ರಾಂ ಸೇರಿಸಿತು ಎಂದು ಗೊತ್ತಿದ್ದರೆ ಮಾತ್ರ ಅದನ್ನು ಇಳಿಸುವ ದಾರಿ ಕಾಣುತ್ತದೆ.

ಇದು ಅಂಕಗಳ ಮಾತಷ್ಟೇ ಅಲ್ಲ. 2023ರ ಆಗಸ್ಟ್‌ನಲ್ಲಿ ಪರೀಕ್ಷೆಗಾಗಿ ಹಾರುತ್ತಿದ್ದ ಎಡಿಇಯ ತಪಸ್ ಡ್ರೋನ್ ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿ ಹೊಲದಲ್ಲಿ ಬಿದ್ದಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಹಾರುವುದು ಪುಟ್ಟದಾಗಲಿ ದೊಡ್ಡದಾಗಲಿ, ಅದರ ಕೆಳಗೆ ಕೆಲಸ ಮಾಡುತ್ತಿರುವ ಜನರಿದ್ದಾರೆ. ಬಿದ್ದಾಗ ಏಕೆ ಬಿತ್ತೆಂದು ಹೇಳಲಾರದವರು ಅದನ್ನು ಮತ್ತೆ ಹಾರಿಸಬಾರದು.

ಅಧ್ಯಾಪಕರಿಗೆ ಒಂದು ಕೋರಿಕೆ

ಇದಕ್ಕೆ ದುಬಾರಿ ತಂತ್ರಾಂಶ ಬೇಕೇ? ಕಾರ್ಖಾನೆಗಳಿಗೆ ಬೇಕು. ಗಣಕ ತಂತ್ರಾಂಶ ಬರೆಯುವವರು ಪ್ರತಿ ಬದಲಾವಣೆಯನ್ನೂ ಯಾರು, ಯಾವಾಗ, ಏಕೆ ಎಂದು ದಾಖಲಿಸಲು 2005ರಿಂದ ಗಿಟ್ ಎಂಬ ಸಾಧನವನ್ನು ಬಳಸುತ್ತಿದ್ದಾರೆ. ಅದು ಉಚಿತ. ಕಾಲೇಜುಗಳು ಅದನ್ನು ಕಲಿಸಬಹುದು. ಶಾಲೆಗಳಿಗೆ ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು. ಪ್ರತಿ ಬದಲಾವಣೆಗೂ ಒಂದು ಸಾಲು: ಸಂಖ್ಯೆ, ದಿನಾಂಕ, ಏನು ಬದಲಾಯಿತು, ಏಕೆ, ತೂಕ ಎಷ್ಟಾಯಿತು, ಪರೀಕ್ಷೆಯಲ್ಲಿ ಏನು ಕಂಡಿತು. ಮುದ್ರಿಸಿದ್ದಾದರೆ ವಸ್ತು, ಯಂತ್ರ, ಇಟ್ಟ ದಿಕ್ಕು ಕೂಡ. ಭಾಗದ ಮೇಲೂ ಅದೇ ಸಂಖ್ಯೆ ಕೆತ್ತಿರಲಿ. ಮುರಿದ ಭಾಗವನ್ನು ಎಸೆಯದೆ ಸಂಖ್ಯೆಯ ಚೀಟಿ ಕಟ್ಟಿ ಡಬ್ಬಿಯಲ್ಲಿಡಿ.

ಮುದ್ರಕವೇ ಇಲ್ಲದ ಊರಿನಲ್ಲೂ ಇದನ್ನು ಕಲಿಸಬಹುದು. ಮಕ್ಕಳಿಗೆ ಕಾಗದದ ವಿಮಾನ ಮಾಡಿಸಿ. ಒಮ್ಮೆಗೆ ಒಂದನ್ನೇ ಬದಲಿಸಲು ಹೇಳಿ: ಮೂಗಿಗೆ ಒಂದು ಗುಂಡುಪಿನ್ನು, ಅಥವಾ ರೆಕ್ಕೆಯ ಹಿಂದಂಚಿನ ಮಡಿಕೆ. ಐದು ಬಾರಿ ಎಸೆದು ದೂರ ಅಳೆದು ಸರಾಸರಿ ಬರೆಯಲಿ. ವಾರದ ನಂತರ ನೋಟ್‌ಬುಕ್ಕುಗಳನ್ನು ಅದಲುಬದಲು ಮಾಡಿ, ಒಬ್ಬರ ಬರಹವನ್ನಷ್ಟೇ ನೋಡಿ ಇನ್ನೊಬ್ಬರು ಅದೇ ವಿಮಾನವನ್ನು ಮಾಡಿ ಹಾರಿಸಲಿ. ಅದು ಮೊದಲಿನಷ್ಟೇ ದೂರ ಹೋದರೆ ದಾಖಲೆ ಚೆನ್ನಾಗಿದೆ ಎಂದರ್ಥ. ಹೋಗದಿದ್ದರೆ ಯಾವ ಸಾಲು ಬಿಟ್ಟುಹೋಗಿದೆ ಎಂದು ಇಬ್ಬರೂ ಕೂತು ಹುಡುಕಲಿ.